ಎರಡು ನೀರಿನ ಬಾವಿ

“ಇದು ಮುಂಜಾನಿ ಅದ್ದಿದ್ದು. ಇದು ಮಧ್ಯಾಹ್ನ ಅದ್ದಿದ್ದು. ಬಾವಿ ಒಂದ, ಗಡಗಿ ಒಂದ, ಅದ್ದಿದ ಕೈನೂ ಒಂದ. ಈಗ ನೀವ ಹೇಳ್ರಿ ಸಾಹೇಬ್ರ.”

ನೂಲಿಗೆ ಬಣ್ಣ ಹಾಕುವ ಮುದುಕಿ ಸಕೀನಾಬೀ ಎರಡು ಲಡಿಗಳನ್ನು ಆದೆಪ್ಪನ ಮುಂದೆ ಚಾಪೆಯ ಮೇಲೆ ಹಾಕಿದಳು. ಒಂದು ದಾಳಿಂಬೆ ಹೂವಿನಂಥ ಕೆಂಪು. ಇನ್ನೊಂದು ಕೆಂಪೂ ಅಲ್ಲ, ಕಪ್ಪೂ ಅಲ್ಲ. ಒಣಗಿದ ರಕ್ತದ ಬಣ್ಣ.

ಆದೆಪ್ಪ ಎರಡನ್ನೂ ಕೈಗೆತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದ.

ಮಸ್ಕಿಯ ನರಸಣ್ಣನ ಭಟ್ಟಿಯಿಂದ ಹೋದ ಸಾರಾಯಿ ಕುಡಿದು, ಸಿಂಧನೂರಿನ ಸಂತೆಯಲ್ಲಿ ಮುಕ್ಕುಂದದ ಬಂಡಿಕಾರ ಜಂಬಣ್ಣ ಸತ್ತು ಹದಿನಾರು ದಿನವಾಗಿತ್ತು. ಆ ಭಟ್ಟಿಯ ಬಾವಿಯ ನೀರು ಶುದ್ಧವೆಂಬ ಕಾಗದಕ್ಕೆ ಸಹಿ ಹಾಕಿ ಮೊಹರು ಒತ್ತಿದವನು ಲಿಂಗಸುಗೂರಿನ ಆಬಕಾರಿ ಇನ್‌ಸ್ಪೆಕ್ಟರ್ ಆದೆಪ್ಪನೇ.

ಸತ್ತವನ ಹೆಂಡತಿ ವೀರಭದ್ರಮ್ಮ ದವಾಖಾನೆಯ ಕಟ್ಟೆಯ ಮೇಲೆ ಕೂತು ಒಂದೇ ಮಾತು ಕೇಳಿದ್ದಳು. “ನೀರು ನೋಡಿ ಸಹಿ ಹಾಕಿದವ್ರು ನೀವೇನ್ರಿ?” ಅತ್ತಿರಲಿಲ್ಲ, ಬೈದಿರಲಿಲ್ಲ. ಆದೆಪ್ಪ ಹೌದೆಂದು ತಲೆ ಅಲ್ಲಾಡಿಸಿ ಬಂದಿದ್ದ. ಆವತ್ತಿನಿಂದ ಅನ್ನ ರುಚಿಸಿರಲಿಲ್ಲ.

ಆ ವರ್ಷ, ಅಂದರೆ ಐವತ್ತಮೂರರಲ್ಲಿ, ಹೊಸ ಕಾಯಿದೆ ಬಂದಿತ್ತು. ಇಪ್ಪೆ ಹೂವಿನಿಂದ ಇಳಿಸಿದ ಖಾರ ಸಾರಾಯಿಗೆ ನೀರು ಬೆರೆಸಿಯೇ ಹದಕ್ಕೆ ತರಬೇಕು. ಸಣ್ಣ ಭಟ್ಟಿಯವರು ಆ ನೀರನ್ನು ತಮ್ಮ ಸ್ವಂತ ಬಾವಿಯಿಂದ ತೆಗೆಯುವುದಾದರೆ, ಇನ್‌ಸ್ಪೆಕ್ಟರ್ ತನ್ನ ಕಣ್ಣೆದುರು ಎರಡು ಶೀಶೆ ತುಂಬಿಸಿ, ಅರಗು ಹಚ್ಚಿ, ಪಂಚರ ಸಹಿ ತೆಗೆದುಕೊಂಡು ಹೈದರಾಬಾದಿಗೆ ಪರೀಕ್ಷೆಗೆ ಕಳಿಸಬೇಕು. ಹೊತ್ತು ಹುಟ್ಟುವಾಗ, ಬಾವಿ ಕಲಕುವ ಮುಂಚೆ ತುಂಬಬೇಕೆಂದು ಕಾಯಿದೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಆದೆಪ್ಪ ಅದರಂತೆಯೇ ಮಾಡಿದ್ದ. ಜಂಬಣ್ಣ ಸತ್ತ ಮರುದಿನ ಭಟ್ಟಿಗೆ ಬೀಗ ಹಾಕಿಸಿ, ಮತ್ತೆ ಹೊತ್ತು ಹುಟ್ಟುವಾಗಲೇ ಎರಡನೇ ಸಲ ತುಂಬಿಸಿ ಕಳಿಸಿದ್ದ. ಎರಡು ಸಲವೂ ಒಂದೇ ಉತ್ತರ ಬಂದಿತ್ತು: ಕುಡಿಯಲು ಯೋಗ್ಯ. ಆದರೆ ದವಾಖಾನೆಯಲ್ಲಿ ಇನ್ನಿಬ್ಬರು ಹೊಟ್ಟೆ ಹಿಡಿದುಕೊಂಡು ಮಲಗಿದ್ದರು.

“ಅವ್ವ, ಎಷ್ಟು ದಿನದಿಂದ ಹಿಂಗ ಆಗಾಕತ್ತೈತಿ?”

“ದೀಪಾವಳಿ ಆದ ಮ್ಯಾಲ ಸುರು ಆತ್ರಿ. ನನ್ನ ಗಂಡನ ಮುತ್ತ್ಯಾನ ಕಾಲದಿಂದ ನರಸಣ್ಣನ ಬಾವ್ಯಾಗ ನಮಗ ನೀರಿನ ಹಕ್ಕೈತಿ. ನೂಲು ಮೊದಲ ಅಳಲೆಕಾಯಿ ನೀರಾಗ ನೆನಸ್ತೀನಿ, ಆಮ್ಯಾಲ ಪಟಿಕ, ಆಮ್ಯಾಲ ಕೆಂಪು. ಐವತ್ತು ವರ್ಷ ಒಂದ ಕೆಂಪು ಬರ್ತಿತ್ತು. ಈಗ ಮಧ್ಯಾಹ್ನ ತಂದ ನೀರಾಗ ಅಳಲೆಕಾಯಿ ಹಾಕಿದ್ರ ಕಪ್ಪಗ ಆಗ್ತೈತಿ.”

“ಯಾರಿಗೂ ಹೇಳಲಿಲ್ಲೇನು?”

“ಯಾರು ಕೇಳಿದ್ರಿ? ನೀವು ಎರಡು ಸರ್ತಿ ಬಂದ್ರಿ. ಹೊತ್ತು ಏರೂದರಾಗ ಶೀಶೆ ತಗೊಂಡು ಹೋಗಿಬಿಟ್ರಿ.”

ಆ ಮಾತು ಆದೆಪ್ಪನಿಗೆ ನಾಟಿತು. ಸರ್ಕಾರ, ಪ್ರಯೋಗಶಾಲೆ, ಅರಗು, ಮೊಹರು, ಪಂಚನಾಮೆ, ಇಷ್ಟೆಲ್ಲ ಸೇರಿ ಕಾಣದ್ದನ್ನು ಈ ಹೆಂಗಸಿನ ಒಂದು ಲಡಿ ನೂಲು ಕಂಡಿತ್ತು. ಅವನು ಅದನ್ನು ಮಗುವನ್ನು ಇಡುವಷ್ಟು ಮೆಲ್ಲಗೆ ಚಾಪೆಯ ಮೇಲಿಟ್ಟ.

“ನಾಳೆ ಹೊತ್ತು ಹುಟ್ಟೂದರಾಗ ಬಾವಿ ಕಟ್ಟಿಗಿ ಬರ್ರಿ,” ಅಂದ. “ಅಳಲೆಕಾಯಿ ಪುಡಿ ತರ್ರಿ.”

* * *

ಭಟ್ಟಿಗೆ ಬೀಗ ಬಿದ್ದಿದ್ದರೂ ಬಾವಿಗೆ ಬಿಡುವಿರಲಿಲ್ಲ. ನರಸಣ್ಣನ ಎತ್ತುಗಳು ಕಪಲಿ ಎಳೆದು ಎರಡೆಕರೆ ಮೆಣಸಿನ ಗಿಡಕ್ಕೆ ನೀರು ಹಾಯಿಸುತ್ತಿದ್ದವು. ತೊಗಲಿನ ದೊಡ್ಡ ಚೀಲ ಬಾವಿಗಿಳಿದು, ತುಂಬಿಕೊಂಡು ಮೇಲೆ ಬಂದು, ಕಲ್ಲಿನ ದೋಣಿಗೆ ಭೋರೆಂದು ಸುರಿಯುತ್ತಿತ್ತು.

ಆದೆಪ್ಪ ಬಾವಿ ಕಟ್ಟೆಯ ಮೇಲೆ ಗಾಜಿನ ಲೋಟಗಳನ್ನು ಸಾಲಾಗಿ ಇಟ್ಟುಕೊಂಡು ಕೂತ. ಹೊತ್ತು ಹುಟ್ಟುವಾಗಿನ ಮೊದಲ ಚೀಲದಿಂದ ಒಂದು ಲೋಟ ತುಂಬಿದ. ಆಮೇಲೆ ಒಂದೊಂದು ತಾಸಿಗೆ ಒಂದೊಂದು. ಪ್ರತಿಯೊಂದಕ್ಕೂ ಸಕೀನಾಬೀ ಒಂದು ಚಿಟಿಕೆ ಅಳಲೆಕಾಯಿ ಪುಡಿ ಹಾಕಿ ಕಡ್ಡಿಯಿಂದ ತಿರುವುತ್ತಿದ್ದಳು.

ಮೊದಲ ಲೋಟ ತಿಳಿ ಹಳದಿ. ಎರಡನೆಯದೂ, ಮೂರನೆಯದೂ, ನಾಲ್ಕನೆಯದೂ ಹಾಗೇ. ಬಿಸಿಲು ಏರಿತು. ನರಸಣ್ಣ ಬೇವಿನ ನೆರಳಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ನೋಡುತ್ತಿದ್ದ. ಐವತ್ತರ ಗಟ್ಟಿ ಆಳು, ಮೀಸೆಯ ತುದಿ ಮಾತ್ರ ಬೆಳ್ಳಗಾಗಿತ್ತು.

ಐದನೆಯ ಲೋಟವೂ ಹಳದಿಯಾಗಿಯೇ ನಿಂತಾಗ ಅವನು ಎದ್ದು ಬಂದ.

“ಸಾಹೇಬ್ರ, ಎರಡು ಸರ್ತಿ ನೀವ ತುಂಬೀರಿ, ನೀವ ಅರಗು ಹಚ್ಚೀರಿ. ಹೈದರಾಬಾದಿನವ್ರು ಚಲೋ ನೀರು ಅಂತ ಬರದಾರ. ಇನ್ನೂ ಏನು ನೋಡ್ತೀರಿ?”

“ಮಧ್ಯಾಹ್ನ ನೋಡ್ತೀನ್ರಿ.”

“ಮಧ್ಯಾಹ್ನಕ್ಕ ನೀರು ಜಾತಿ ಬದಲಿ ಮಾಡ್ತೈತೇನು?”

ಆದೆಪ್ಪ ಕಟ್ಟೆಯ ಅಂಚಿಗೆ ಸರಿದ. ಬಾವಿಯೊಳಗೆ ಬಗ್ಗಿ ನೋಡಿದ. ನೀರು ನಾಲ್ಕಾಳು ಇಳಿದಿತ್ತು. ಒದ್ದೆ ಕಲ್ಲುಗಳು ಮಿನುಗುತ್ತಿದ್ದವು.

ಆರನೆಯ ಲೋಟದಲ್ಲಿ ಸಕೀನಾಬೀಯ ಕಡ್ಡಿ ಎರಡು ಸುತ್ತು ತಿರುಗಿತು. ಹಳದಿ ಮಂಕಾಯಿತು, ಬೂದಿಯಾಯಿತು. ಏಳನೆಯದಕ್ಕೆ ಪುಡಿ ಬಿದ್ದದ್ದೇ ತಡ, ನೀರಿನೊಳಗೆ ಹೊಗೆ ಎದ್ದಂತೆ ಕಪ್ಪು ಎಳೆ ಎಳೆಯಾಗಿ ಬಿಚ್ಚಿಕೊಂಡು ಇಡೀ ಲೋಟ ಕವಿಯಿತು.

ಎತ್ತು ಹೊಡೆಯುವ ಆಳು ಹಗ್ಗ ಬಿಟ್ಟು ಬಂದು ನಿಂತ.

ಆದೆಪ್ಪ ಜೇಬಿನಿಂದ ಟಾಕಿನ ಲೇಖನಿ ತೆಗೆದು ಏಳನೆಯ ಲೋಟದಲ್ಲಿ ಅದ್ದಿ, ಪಂಚನಾಮೆಯ ಕಾಗದದ ಮೇಲೆ ಹೊತ್ತು ಬರೆದ: ಮಧ್ಯಾಹ್ನ ಹನ್ನೆರಡೂವರೆ. ಅಕ್ಷರ ತೆಳುವಾಗಿತ್ತು, ಆದರೆ ಓದಲು ಬರುವಷ್ಟು ಕಪ್ಪಾಗಿತ್ತು. ಬಾವಿ ತನ್ನ ಸಾಕ್ಷಿಯನ್ನು ತಾನೇ ಬರೆದಂತಿತ್ತು.

“ಇದು ಕಬ್ಬಿಣದ ನೀರು,” ಅಂದ ಆದೆಪ್ಪ. “ಕಬ್ಬಿಣಕ್ಕ ಮನಷಾ ಸಾಯಂಗಿಲ್ಲ, ಖರೆ. ಆದರ ಮುಂಜಾನಿ ನೀರು ಬ್ಯಾರೆ, ಈಗಿಂದು ಬ್ಯಾರೆ. ನಿಮ್ಮ ಬಾವ್ಯಾಗ ಎರಡು ನೀರು ಅದಾವ ನರಸಣ್ಣಾರ. ಎರಡನೇದು ಎಲ್ಲಿಂದ ಬರಾಕತ್ತೈತಿ?”

“ನನಗೇನು ಗೊತ್ರಿ?”

“ಬಾವಿ ನಿಮ್ಮದು.”

“ನಮ್ಮ ಮುತ್ತ್ಯಾ ತೋಡಿಸಿದ್ದು. ನಾ ಹುಟ್ಟಿದಾಗಿಂದ ಇದ ನೀರು ಕುಡಿಯಾಕತ್ತೀನಿ. ಒಳಗ ಇಳಿದು ನೋಡಿದವನಲ್ಲ.”

ಆದೆಪ್ಪ ಪುಡಿ ಹಾಕದ ಎರಡು ಲೋಟ ತರಿಸಿದ. ಒಂದರಲ್ಲಿ ಮುಂಜಾನೆ ತೆಗೆದಿಟ್ಟ ನೀರು, ಇನ್ನೊಂದರಲ್ಲಿ ಈಗ ಕಪಲಿಯಿಂದ ಬಿದ್ದ ನೀರು. ಕಣ್ಣಿಗೆ ಎರಡೂ ಒಂದೇ, ಎರಡೂ ತಿಳಿ.

“ಇದು ಮುಂಜಾನಿದು,” ಅಂದ.

ನರಸಣ್ಣ ಅದನ್ನು ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದ.

“ಇದು ಈಗಿಂದು.”

ನರಸಣ್ಣ ಆ ಲೋಟವನ್ನೂ ಎತ್ತಿದ. ಆದೆಪ್ಪ ಅವನ ಕಣ್ಣನ್ನೇ ನೋಡುತ್ತಿದ್ದ. ನರಸಣ್ಣನ ರೆಪ್ಪೆ ಬಡಿಯಲಿಲ್ಲ.

“ಸತ್ತವರ ಪಾಪ ನನ್ನ ಮ್ಯಾಲ ಹೊರಸಾಕತ್ತೀರಿ. ಈ ನೀರು ನನ್ನ ಕೊಂದ್ರ ಕೊಲ್ಲಲಿ.” ಲೋಟದ ಅಂಚು ಅವನ ತುಟಿಗೆ ತಾಗಿತು. ಲೋಟ ಓರೆಯಾಯಿತು.

ಆದೆಪ್ಪ ಚಂಗನೆ ಮುಂದೆ ಹೋಗಿ ಮಣಿಕಟ್ಟು ಹಿಡಿದ. ನೀರು ಚೆಲ್ಲಿ ಇಬ್ಬರ ಅಂಗಿಯೂ ಒದ್ದೆಯಾಯಿತು.

“ಬ್ಯಾಡ,” ಅಂದ. “ಬ್ಯಾಡ್ರಿ ನರಸಣ್ಣಾರ. ಇಡ್ರಿ ಅದನ್ನ.”

ನರಸಣ್ಣ ಲೋಟ ಕೆಳಗಿಟ್ಟು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಬಾವಿಯೊಳಗೆ ಏನಿದೆಯೆಂದು ತಿಳಿದ ಮನುಷ್ಯ ಹೀಗೆ ಕುಡಿಯಲು ಹೋಗಲಾರ. ಹದಿನಾರು ದಿನ ಹೊತ್ತುಕೊಂಡು ತಿರುಗಿದ ಗುಮಾನಿ ಆದೆಪ್ಪನ ಎದೆಯಿಂದ ಇಳಿಯಿತು. ಒಳ್ಳೆಯವನನ್ನು ಕಳ್ಳನೆಂದುಕೊಂಡಿದ್ದಕ್ಕೆ ನಾಚಿಕೆಯೂ ಆಯಿತು.

“ನಾ ಒಳಗ ಇಳೀತೀನಿ,” ಅಂದ. “ನಿಮ್ಮ ಹಗ್ಗ ಬೇಕು.”

ನರಸಣ್ಣ ಬಾವಿಯ ಕಡೆ ನೋಡಿದ. “ಇವತ್ತ ಬ್ಯಾಡ್ರಿ ಸಾಹೇಬ್ರ. ಕಲ್ಲು ಸಡಲ ಅದಾವ. ನಾಳೆ ನಾಕು ಮಂದಿ ಒಡ್ಡರನ್ನ ಕರೆಸಿ, ಕಲ್ಲು ಬಿಗಿಸಿ ಇಳಿಸ್ತೀನಿ.”

“ನಾಳೆ ಹೊತ್ತಿಗಿ ನೀರು ಮತ್ತ ತುಂಬತೈತಿ. ಇವತ್ತ ಇಳೀಬೇಕು.”

ನರಸಣ್ಣ ಹಗ್ಗ ಕೊಟ್ಟ. ಅದನ್ನು ಬೇವಿನ ಬುಡಕ್ಕೆ ತಾನೇ ಬಿಗಿದ.

* * *

ಆದೆಪ್ಪನ ಜೊತೆ ಇಳಿಯಲು ಒಪ್ಪಿದವನು ಬಂದೇಸಾಬ. ಲಿಂಗಸುಗೂರು ಸೀಮೆಯ ಚಿನ್ನದ ಗಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಈಗ ಮಸ್ಕಿಯಲ್ಲಿ ಬಾವಿ ಹೂಳು ತೆಗೆದು ಹೊಟ್ಟೆ ಹೊರೆಯುವ ಮುದುಕ. ಎಡಗೈಯ ಎರಡು ಬೆರಳು ಗಣಿಯಲ್ಲೇ ಉಳಿದಿದ್ದವು. ಸೊಂಟಕ್ಕೆ ಸುತ್ತಿಗೆ ಸಿಕ್ಕಿಸಿಕೊಂಡು, ಕಂದೀಲು ಹಲ್ಲಲ್ಲಿ ಕಚ್ಚಿಕೊಂಡು ಅವನು ಮೊದಲು ಇಳಿದ.

“ನಾ ಹಗ್ಗದ ಬಾಜೂಕ ಕುಂತಿರ್ತೀನಿ,” ಅಂದಳು ಸಕೀನಾಬೀ. ಯಾರು ಏನೆಂದರೂ ಏಳುವವಳಲ್ಲವೆಂಬಂತೆ ಬೇವಿನ ಬೇರಿನ ಮೇಲೆ ಕಾಲು ಮಡಚಿ ಕೂತಳು.

ಐದಾಳು ಕೆಳಗೆ, ನೀರು ಇಳಿದಿದ್ದ ಕಡೆ, ಪಡುವಣ ಗೋಡೆಯಲ್ಲಿ ಬಾಯಿಯೊಂದು ತೆರೆದಿತ್ತು. ಮನುಷ್ಯ ಬಗ್ಗಿ ಹೋಗುವಷ್ಟು ದೊಡ್ಡದು. ಅದರಿಂದ ಗೇಣಗಲದ ನೀರು ಸದ್ದಿಲ್ಲದೆ ಬಾವಿಗಿಳಿಯುತ್ತಿತ್ತು. ಅದು ಹರಿದ ಕಲ್ಲೆಲ್ಲ ತುಕ್ಕಿನ ಕೆಂಪು.

ಆದೆಪ್ಪನಿಗೆ ಆಗ ಇಡೀ ಸಂಗತಿ ಕೈಮೇಲಿನ ಗೆರೆಯಂತೆ ಕಂಡಿತು. ರಾತ್ರಿಯೆಲ್ಲ ಬಾವಿ ತನ್ನ ಒಳ್ಳೆಯ ಸೆಲೆಯಿಂದ ತುಂಬಿಕೊಂಡು ಈ ಬಾಯನ್ನು ಮುಚ್ಚುತ್ತದೆ. ಆ ನೀರಿನ ಭಾರಕ್ಕೆ ಒಳಗಿನದು ಒಳಗೇ ನಿಲ್ಲುತ್ತದೆ. ಹೊತ್ತು ಹುಟ್ಟುವಾಗ ಶೀಶೆಗೆ ಬರುವುದು ಆ ಒಳ್ಳೆಯ ನೀರು. ಕಪಲಿ ಎಳೆದೆಳೆದು ಬಾವಿ ಇಳಿದಾಗ ಬಾಯಿ ತೆರೆದು ಒಳಗಿನದೆಲ್ಲ ಹೊರಬರುತ್ತದೆ. ಸಾರಾಯಿಗೆ ನೀರು ಬೆರೆಸುತ್ತಿದ್ದುದು ಮಧ್ಯಾಹ್ನದ ಮೇಲೆ. ಕಾಯಿದೆಯನ್ನು ಅಕ್ಷರ ಬಿಡದೆ ಪಾಲಿಸಿದ್ದಕ್ಕೇ ಆದೆಪ್ಪ ಮೋಸಹೋಗಿದ್ದ.

“ಬಗ್ಗಿ ಬರ್ರಿ,” ಅಂದ ಬಂದೇಸಾಬ. “ತಲಿ ಹುಷಾರ್.”

ಹತ್ತು ಹೆಜ್ಜೆ ಬಗ್ಗಿ ನಡೆದರು. ನೆಲ ಏರುತ್ತ ಹೋಯಿತು, ನೀರು ಪಾದದಿಂದ ಹಿಂದಕ್ಕೆ ಸರಿದು ಒಂದು ಬದಿಯ ಕಾಲುವೆಗೆ ಇಳಿಯಿತು. ಆಮೇಲೆ ಇದ್ದಕ್ಕಿದ್ದಂತೆ ಆದೆಪ್ಪನ ಬೆನ್ನಿಗೆ ತಾಗುತ್ತಿದ್ದ ಕಲ್ಲು ಇಲ್ಲವಾಯಿತು. ಅವನು ನೆಟ್ಟಗೆ ನಿಂತ. ಬಂದೇಸಾಬ ಕಂದೀಲು ಎತ್ತಿದ.

ಮೇಲೆ ಚಾವಣಿಯೇ ಕಾಣಲಿಲ್ಲ. ಬೆಳಕು ಏರಿ ಏರಿ ಸೋತು ಕತ್ತಲೆಯಲ್ಲಿ ಕರಗುತ್ತಿತ್ತು. ಎರಡೂ ಕಡೆ ಗೋಡೆಗಳು ಗುಡಿಯ ಗೋಡೆಗಿಂತ ಎತ್ತರಕ್ಕೆ ನಿಂತಿದ್ದವು. ಆ ಗೋಡೆಗಳ ತುಂಬ ಒಂದರ ಪಕ್ಕ ಒಂದು, ಒಂದರ ಮೇಲೊಂದು, ಸಾವಿರಾರು ಉಳಿಯ ಗುರುತು. ಮಳೆ ಬಿದ್ದು ಒಣಗಿದ ಮಣ್ಣಿನ ಮೇಲೆ ಹನಿಯ ಗುರುತಿದ್ದ ಹಾಗೆ. ಮೇಲೆಲ್ಲ ಮಸಿ ಹಿಡಿದಿತ್ತು. ಅಲ್ಲಲ್ಲಿ ಗೋಡೆಗೆ ಆಸರೆ ಕೊಟ್ಟ ಮರದ ತೊಲೆಗಳು ಕಪ್ಪಗೆ, ಕಬ್ಬಿಣದಂತೆ ಗಟ್ಟಿಯಾಗಿ ಇನ್ನೂ ಭಾರ ಹೊತ್ತು ನಿಂತಿದ್ದವು.

“ಏನಿದು ಕಾಕಾ?” ಆದೆಪ್ಪನಿಗೆ ತನ್ನ ದನಿಯೇ ಗುರುತು ಸಿಗಲಿಲ್ಲ.

“ಚಿನ್ನದ ಕುಣಿ. ಹಳೇ ಕಾಲದವ್ರದು. ನಮ್ಮ ಗಣ್ಯಾಗೂ ಇಂಥವು ಸಿಕ್ಕಿದ್ವು, ಆದರ ಇಷ್ಟು ದೊಡ್ಡದು ನಾ ಕಂಡಿಲ್ಲ.” ಬಂದೇಸಾಬ ಗೋಡೆಗೆ ಅಂಗೈ ಒತ್ತಿದ. “ಮಸಿ ನೋಡ್ರಿ. ಕಲ್ಲಿನ ಮ್ಯಾಲ ಬೆಂಕಿ ಹಾಕಿ ಕೆಂಪಗ ಕಾಸ್ತಿದ್ರು. ಆಮ್ಯಾಲ ತಣ್ಣೀರು ಹೊಡೀತಿದ್ರು. ಕಲ್ಲು ತಾನ ಬಿರೀತಿತ್ತು. ಸುರಂಗದ ಮದ್ದಿಲ್ಲ, ಯಂತ್ರ ಇಲ್ಲ. ಬರೇ ಬೆಂಕಿ, ನೀರು, ಉಳಿ.”

“ಯಾರ ಕಾಲ?”

“ಯಾರಿಗ ಗೊತ್ತು. ಊರ ಬೆಟ್ಟದಾಗ ಗುಂಡಿನ ಮ್ಯಾಲ ಅಕ್ಷರ ಕಡದವ್ರ ಕಾಲಾನೋ, ಅದಕ್ಕೂ ಹಿಂದಿನದೋ.”

ಬಂದೇಸಾಬ ಎರಡು ಬೆರಳಿಲ್ಲದ ಕೈಯನ್ನು ಎದೆಗೆ ಒತ್ತಿ, ಕತ್ತಲೆಯ ಕಡೆ ತಿರುಗಿ ಮೆಲ್ಲಗೆ ಸಲಾಮು ಹೇಳಿದ.

“ಯಾರಿಗಿ ಕಾಕಾ?”

“ದುಡದವ್ರಿಗಿ.”

ಆದೆಪ್ಪನೂ ಕೈ ಮುಗಿದ. ಜೋಳದ ಹೊಲ, ಬಂಡಿಯ ಹಾದಿ, ಭಟ್ಟಿಯ ಹೊಗೆ, ತನ್ನ ಕಚೇರಿಯ ಕಡತ, ಇವೆಲ್ಲದರ ಕೆಳಗೆ ಇಂಥದೊಂದು ಊರು ಉಸಿರು ಹಿಡಿದು ನಿಂತಿತ್ತು. ಮೂರು ವರ್ಷದಿಂದ ಇದರ ನೆತ್ತಿಯ ಮೇಲೆ ಸೈಕಲ್ ತುಳಿದುಕೊಂಡು ಓಡಾಡಿದ್ದ. ಗೋಡೆಯೊಂದರಲ್ಲಿ ಕೆಮ್ಮಣ್ಣು ಮೆತ್ತಿದ ಕಡೆ ಒಂದು ಅಂಗೈ ಮೂಡಿತ್ತು. ಅವನು ತನ್ನ ಅಂಗೈಯನ್ನು ಅದರ ಪಕ್ಕ ಹಿಡಿದು ನೋಡಿದ. ಅದು ಚಿಕ್ಕದು, ಹೆಂಗಸಿನದಿರಬೇಕು. ಹೆಬ್ಬೆರಳಿನ ಗೆರೆ ಕೂಡ ಅಳಿಸಿರಲಿಲ್ಲ. ಮುಟ್ಟಲು ಧೈರ್ಯ ಸಾಲಲಿಲ್ಲ.

ಬಂದೇಸಾಬ ಸುತ್ತಿಗೆ ತೆಗೆದು ಕೆಳಗಿನ ಬೂದುಬಣ್ಣದ ಎಳೆಯೊಂದಕ್ಕೆ ಜೋರಾಗಿ ಹೊಡೆದ. ಕಿಡಿ ಹಾರಿತು. “ವಾಸನಿ ನೋಡ್ರಿ.”

ಆದೆಪ್ಪ ಬಗ್ಗಿ ಮೂಸಿದ. “ಬಳ್ಳೊಳ್ಳಿ.”

“ಪಾಷಾಣದ ಕಲ್ಲು. ಚಿನ್ನ ಇದ್ದಲ್ಲಿ ಇದು ಇರ್ತೈತಿ. ಈ ಕಲ್ಲಿನ ಮ್ಯಾಲ ನಿಂತ ನೀರು ಕುಡಿಬ್ಯಾಡ್ರಿ ಅಂತ ನಮಗ ಮೊದಲನೇ ದಿನಾನ ಹೇಳ್ತಿದ್ರು.”

ಜಂಬಣ್ಣನನ್ನು ಕೊಂದದ್ದು ಸಿಕ್ಕಿತ್ತು. ಆದೆಪ್ಪ ಗೋಡೆಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದ. ನಾಳೆ ಮಧ್ಯಾಹ್ನದ ನೀರು ಶೀಶೆಗೆ ತುಂಬಬೇಕು, ಹೈದರಾಬಾದಿಗೆ ಬರೆಯಬೇಕು, ಜಿಲ್ಲೆಯ ಎಲ್ಲ ಭಟ್ಟಿಗಳ ಬಾವಿಯನ್ನೂ ಇಳಿಹೊತ್ತಿನಲ್ಲಿ ನೋಡಬೇಕು. ವೀರಭದ್ರಮ್ಮನ ಮುಂದೆ ನಿಂತು ಇದೆಲ್ಲ ಹೇಳಬೇಕು. ಹೇಳುವುದು ಹೇಗೆಂದು ಗೊತ್ತಿರಲಿಲ್ಲ.

“ಆದರ ಒಂದು ಮಾತು ಕಾಕಾ. ಈ ಕುಣಿ ಮೊದಲಿಂದ ಐತಿ. ದೀಪಾವಳಿಗಿ ಮುಂಚೆ ನೀರು ಯಾಕ ಕೆಡಲಿಲ್ಲ?”

“ಅದ ನಾನೂ ನೋಡಾಕತ್ತೀನಿ.” ಮುದುಕ ಕಂದೀಲು ಹಿಡಿದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಬಾಯಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತ. “ಇಲ್ಲೊಂದು ಗ್ವಾಡಿ ಇತ್ತು. ಬಾವಿ ತೋಡಿದವ್ರು ಕುಣಿ ಕಂಡು, ಗಚ್ಚು ಹಾಕಿ ಬಂದ್ ಮಾಡ್ಯಾರ. ಅದನ್ನ ಯಾರೋ ಒಡದಾರ. ಹಾರಿ ಗುರುತು ಇನ್ನೂ ಬೆಳ್ಳಗ ಐತಿ.”

“ಚಿನ್ನದ ಆಸೆಗಿ ಯಾರೋ ಬಾವಿಗಿಳಿದು ಒಡೆದಿರಬೇಕು.”

“ಬಾವಿಗಿಳಿದು ಅಲ್ರಿ.” ಬಂದೇಸಾಬನ ದನಿ ತಗ್ಗಿತು. “ಬಾವಿ ಕಡೆಯಿಂದ ಒಡೆದಿದ್ರ ಕಲ್ಲು ಕುಣಿಯೊಳಗ ಬೀಳಬೇಕಿತ್ತು. ಒಳಗ ಒಂದು ಕಲ್ಲು ಇಲ್ಲ. ಎಲ್ಲಾ ಬಾವಿ ಕಡೆ ಉರುಳ್ಯಾವ. ಹಾರಿ ಗುರುತು ನೋಡ್ರಿ, ಒಳಮೈಗಿ ಅದಾವ.”

ಆದೆಪ್ಪ ಬೆರಳಿನಿಂದ ಸವರಿ ನೋಡಿದ. ಹೌದು. ಗೋಡೆ ಒಡೆದವರು ಒಳಗಿನಿಂದ ಒಡೆದಿದ್ದರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ತಿರುಗಿ ಕುಣಿಯ ಆಚೆ ತುದಿಗೆ ನಡೆದರು. ಅಲ್ಲಿ ಕುಣಿ ಕಿರಿದಾಗಿ ಬಲಕ್ಕೆ ಹೊರಳಿತ್ತು. ಆ ಹೊರಳಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು; ಕಂದೀಲಿನ ಸೊಡರು ಅಲುಗಿತು. ಎಲ್ಲೋ ಇನ್ನೊಂದು ಬಾಯಿ ಆಕಾಶಕ್ಕೆ ತೆರೆದಿತ್ತು.

ನೆಲದ ಹಸಿ ಜೇಡಿಯಲ್ಲಿ ಹೆಜ್ಜೆಗಳಿದ್ದವು. ಬರಿಗಾಲಿನವು, ಹೊಸವು. ಹೋಗುತ್ತ ಬರುತ್ತ ಒಂದು ಕಾಲುದಾರಿಯೇ ಆಗಿತ್ತು.

“ದೀಪ ತಗ್ಗಸ್ರಿ,” ಅಂದ ಆದೆಪ್ಪ, ಉಸಿರಿನಲ್ಲೇ.

ಬಂದೇಸಾಬ ಬತ್ತಿ ಇಳಿಸಿದ. ಕತ್ತಲೆ ಎರಡು ಸಾವಿರ ವರ್ಷದ ಭಾರದೊಂದಿಗೆ ಹತ್ತಿರ ಬಂತು. ಆ ಕತ್ತಲೆಯಲ್ಲಿ, ಹೊರಳಿನ ಆಚೆಯ ಗೋಡೆಯ ಮೇಲೆ, ಹಳದಿ ಬೆಳಕಿನ ಒಂದು ತುಣುಕು ಮೂಡಿತು. ಅದು ಉಳಿಯ ಗುರುತುಗಳ ಮೇಲೆ ಹರಿದಾಡುತ್ತ ದೊಡ್ಡದಾಯಿತು. ಯಾರೋ ದೀಪ ಹಿಡಿದುಕೊಂಡು ಅವಸರವಿಲ್ಲದೆ, ನಿತ್ಯ ನಡೆಯುವ ಹಾದಿಯಲ್ಲಿ ಬರುವಂತೆ ಬರುತ್ತಿದ್ದರು.

ಆದೆಪ್ಪ ಗೋಡೆಗೆ ಬೆನ್ನು ಹಚ್ಚಿ ನಿಂತ. ಅವನ ಬೂಟಿನ ಕೆಳಗೆ ಸಣ್ಣ ಕಲ್ಲೊಂದು ಜಾರಿ ನೀರಿಗೆ ಬಿತ್ತು.

ಬೆಳಕು ನಿಂತಿತು.

“ನರಸಣ್ಣಾ,” ಅಂದಿತು ಒಂದು ಹೆಂಗಸಿನ ದನಿ. ಅದರಲ್ಲಿ ಹೆದರಿಕೆಯಿರಲಿಲ್ಲ, ಸಲಿಗೆಯಿತ್ತು. “ಇವತ್ತ್ಯಾಕ ಇಷ್ಟು ಜಲ್ದಿ ಇಳದಿ?”